ನೆಲದಿಂದ 18 ಇಂಚು

(ಶಿರಸಿಯಲ್ಲಿ ಮಂಡಿನೋವಿನ ಬಗ್ಗೆ ನಡೆದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ. ನಾವು ಬಾಯಿ ತೆರೆಯುವ ಮೊದಲೇ ಈ ಸಭೆ ಅರ್ಧ ವಿಷಯ ಹೇಳಿಬಿಟ್ಟಿದೆ. ಮುಂದೆ ಹಾಸಿದ ಜಮಖಾನೆ ಖಾಲಿ, ಹಿಂದಿನ ಕುರ್ಚಿಗಳೆಲ್ಲ ಭರ್ತಿ. ಜಮಖಾನೆಯ ಮೇಲೆ ಕೂತ ನಾಲ್ಕೈದು ಜನರೂ ಮೆಲ್ಲಗೆ ಗೋಡೆಯ ಬದಿಗೆ ಸರಿದಿದ್ದೀರಿ. ಏಳುವಾಗ ಕೈಯೂರಲು ಏನಾದರೂ ಬೇಕಲ್ಲ!

ಗಂಟು ನೋವು ಎಂದು ಬಂದವರು ಮೊದಲು ಕೇಳುವುದು ಯಾವ ಎಣ್ಣೆ ಹಚ್ಚಲಿ, ಯಾವ ಮಾತ್ರೆ ನುಂಗಲಿ ಎಂದು. ನಾವು ಮೊದಲು ಕೇಳಬೇಕಾದ್ದು ಬೇರೆ: ದಿನಕ್ಕೆ ಎಷ್ಟು ತಾಸು, ನೆಲದಿಂದ ಎಷ್ಟು ಎತ್ತರದಲ್ಲಿ ಕೂರುತ್ತೀರಿ? ಇವತ್ತಿನ ಮಾತೆಲ್ಲ ಈ ಎತ್ತರದ ಸುತ್ತಲೇ ಇದೆ. ಮಂಡಿಗೆ ಹಿತವಾದ ಎತ್ತರ ಕೊಡಬೇಕು, ಆಮೇಲೆ ತೊಡೆಗೆ ಬಲ ತುಂಬುತ್ತ ಆ ಎತ್ತರವನ್ನು ನಿಧಾನಕ್ಕೆ ಇಳಿಸಬೇಕು.

ಮೊದಲು "ಮಂಡಿ ಸವೆದಿದೆ" ಎಂಬ ಮಾತನ್ನು ಸ್ವಲ್ಪ ನೋಡೋಣ. ಸವೆತ ಎಂಬುದು ಚಪ್ಪಲಿಗೆ ಸರಿ. ಚಪ್ಪಲಿಯನ್ನು ಅಟ್ಟದ ಮೇಲೆ ಎತ್ತಿಟ್ಟರೆ ಸವೆಯುವುದು ನಿಲ್ಲುತ್ತದೆ. ಮಂಡಿಯನ್ನು ಎತ್ತಿಟ್ಟರೆ ಅದು ಇನ್ನೂ ಹಾಳಾಗುತ್ತದೆ. ತೊಡೆಮೂಳೆಯ ತುದಿ, ಕಣಕಾಲಿನ ಮೂಳೆಯ ತಲೆ, ಮಂಡಿಚಿಪ್ಪಿನ ಒಳಮೈ, ಈ ಮೂರಕ್ಕೂ ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಹೊದಿಕೆ ಇದೆ. ಅದೇ ಕಾರ್ಟಿಲೇಜ್. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಅದಕ್ಕೆ ಆಹಾರ ಸಿಗುವುದು ಸಂದಿನೊಳಗಿನ ದ್ರವದಿಂದ. ಕಾಲೂರಿದಾಗ ಹೊದಿಕೆ ಹಿಂಡಿಕೊಳ್ಳುತ್ತದೆ, ಎತ್ತಿದಾಗ ಮತ್ತೆ ದ್ರವ ಹೀರುತ್ತದೆ, ಒದ್ದೆ ಬಟ್ಟೆಯನ್ನು ಹಿಂಡಿ ಮತ್ತೆ ನೀರಿಗೆ ಅದ್ದಿದ ಹಾಗೆ. ನಡೆಯದೆ ಕೂತರೆ ಈ ಹಿಂಡಾಟವೇ ಇಲ್ಲ. ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಕರಗುತ್ತದೆ. ಅದು ಕರಗಿದಷ್ಟೂ ಹೊರೆ ನೇರವಾಗಿ ಮೂಳೆಯ ಮೇಲೆ ಬೀಳುತ್ತದೆ. ನೋವೆಂದು ಕೂರುವುದು, ಕೂತದ್ದಕ್ಕೆ ಬಲ ಕುಂದುವುದು, ಬಲ ಕುಂದಿದ್ದಕ್ಕೆ ನೋವು ಹೆಚ್ಚುವುದು. ಹೆಚ್ಚಿನವರು ಸಿಕ್ಕಿಕೊಳ್ಳುವುದು ಈ ಸುಳಿಯಲ್ಲೇ.

ಎಕ್ಸರೇ ವರದಿಯಲ್ಲಿ "ಗ್ರೇಡ್ 3", ಅಂದರೆ ಸವೆತದ ಮೂರನೆಯ ಹಂತ, ಎಂದು ಕಂಡ ಕೂಡಲೇ ಮನೆಯವರೆಲ್ಲ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಚಿತ್ರಕ್ಕೂ ನೋವಿಗೂ ಅಷ್ಟು ನೇರ ಲೆಕ್ಕ ಇಲ್ಲ. ಸಂದು ತೀರಾ ಕಿರಿದಾಗಿಯೂ ಬೆಟ್ಟ ಹತ್ತಿ ಸೊಪ್ಪು ತರುವವರಿದ್ದಾರೆ. ಚಿತ್ರ ಚೆನ್ನಾಗಿದ್ದೂ ಬಚ್ಚಲಿಗೆ ಹೋಗಲು ಒದ್ದಾಡುವವರಿದ್ದಾರೆ. 45 ದಾಟಿದವರಲ್ಲಿ, ಓಡಾಡಿದಾಗ ಹೆಚ್ಚಾಗಿ ಕೂತಾಗ ಕಡಿಮೆಯಾಗುವ ನೋವು, ಬೆಳಿಗ್ಗೆ ಎದ್ದಾಗ ಅರ್ಧ ತಾಸಿನೊಳಗೆ ಬಿಡುವ ಬಿಗಿತ, ಇವಿಷ್ಟಿದ್ದರೆ ಸಾಮಾನ್ಯವಾಗಿ ಎಕ್ಸರೇ ಇಲ್ಲದೆಯೇ ಅಸ್ಥಿಸಂಧಿವಾತ (ಜನ ಸವೆತ ಎನ್ನುವ ಕಾಯಿಲೆ ಇದೇ) ಎಂದು ಹೇಳಬಹುದು. ತೆಗೆಸುವುದೇ ಆದರೆ ನಿಂತು ತೆಗೆಸಿ. ಮಲಗಿ ತೆಗೆದ ಚಿತ್ರದಲ್ಲಿ ಭಾರ ಬೀಳದ ಕಾರಣ ಸಂದು ನಿಜಕ್ಕಿಂತ ಅಗಲವಾಗಿ ಕಾಣುತ್ತದೆ.

ಎಲ್ಲ ಗಂಟು ನೋವೂ ಇದೇ ಅಲ್ಲ. ಬೆಳಗಿನ ಬಿಗಿತ ಒಂದು ತಾಸು ದಾಟಿದರೆ, ಎರಡೂ ಕೈಯ ಬೆರಳ ಗೆಣ್ಣುಗಳು ಊದಿಕೊಂಡರೆ ರುಮಟಾಯ್ಡ್, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ವಾತ, ಇರಬಹುದು. ಅದಕ್ಕೆ ಬೇರೆಯೇ ಮದ್ದು, ತಡ ಮಾಡಿದರೆ ಕೀಲು ಉಳಿಯುವುದಿಲ್ಲ. ರಾತ್ರೋರಾತ್ರಿ ಒಂದೇ ಕೀಲು ಕೆಂಪಾಗಿ, ಬಟ್ಟೆ ತಾಗಿದರೂ ಪ್ರಾಣ ಹೋದಂತಾದರೆ ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಗೌಟ್ ಕಡೆ ನೋಡಬೇಕು. ಚಿಕೂನ್‌ಗುನ್ಯ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಕಾಡುವ ನೋವು ಇನ್ನೊಂದು. ಮಂಡಿ ಬಿಸಿಯಾಗಿ ಊದಿ, ಜೊತೆಗೆ ಜ್ವರವೂ ಇದ್ದರೆ ಎಣ್ಣೆ, ಶಾಖ ಎಂದು ಒಂದು ದಿನವೂ ಕಾಯಬೇಡಿ. ಅದು ಕೀಲಿನೊಳಗಿನ ಸೋಂಕು ಇರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು ನೇರವಾಗದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೂ ಅಷ್ಟೇ.

ಈಗ ಎತ್ತರಕ್ಕೆ ಬರೋಣ. ಸಮನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಮೈತೂಕದ ಎರಡರಿಂದ ಮೂರು ಪಟ್ಟು ಹೊರೆ ಬೀಳುತ್ತದೆ. ಮೆಟ್ಟಿಲು ಇಳಿಯುವಾಗ ಇನ್ನೂ ಹೆಚ್ಚು. ಕುಕ್ಕರಗಾಲಿನಲ್ಲಿ ಕೂತಾಗ ಮಂಡಿಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ, ಎರಡು ಮೂಳೆಗಳ ನಡುವಿನ ಗಾದಿಯ (ಮೆನಿಸ್ಕಸ್) ಹಿಂಬದಿ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಏಳುವ ಕ್ಷಣದಲ್ಲಿ ತೊಡೆಯ ಸ್ನಾಯು ತನ್ನ ಅತಿ ಕೆಟ್ಟ ಕೋನದಿಂದ ಇಡೀ ಮೈಯನ್ನು ಎತ್ತಬೇಕು. ದಿನಕ್ಕೆ ಒಂದೆರಡು ಸಲ ಆದರೆ ಮಂಡಿ ಸಹಿಸುತ್ತದೆ. ನಮ್ಮ ಕಡೆಯ ಕೆಲಸ ಒಂದೆರಡು ಸಲದ್ದಲ್ಲವಲ್ಲ.

ಅಡಿಕೆ ಸುಲಿಯುವುದನ್ನೇ ನೋಡಿ. ಮೆಟ್ಟುಗತ್ತಿಯ ಮಣೆಯನ್ನು ಒಂದು ಕಾಲಲ್ಲಿ ಒತ್ತಿ ಹಿಡಿದು, ಇನ್ನೊಂದು ಕಾಲು ಮಡಿಸಿ, ಸುಗ್ಗಿಯಲ್ಲಿ ರಾತ್ರಿ ಹತ್ತು ಹನ್ನೊಂದರವರೆಗೂ ಕೂರುತ್ತಾರೆ. ಸುಲಿದಷ್ಟಕ್ಕೆ ಕೂಲಿಯಾದ್ದರಿಂದ ನಡುವೆ ಎದ್ದು ಕಾಲು ಬಿಡಿಸಲು ಯಾರಿಗೂ ಮನಸ್ಸಿಲ್ಲ. ಮಡಿಸಿದ ಮಂಡಿ ತಾಸುಗಟ್ಟಲೆ ಹಾಗೇ ಇರುತ್ತದೆ. ಇದಕ್ಕೆ ಕೆಲಸ ಬಿಡಬೇಕಾಗಿಲ್ಲ, ಕತ್ತಿಯನ್ನು ಮೇಲಕ್ಕೆತ್ತಿದರೆ ಸಾಕು. ಗಟ್ಟಿ ಬೆಂಚಿನ ಮೇಲೆ ಮಣೆಯನ್ನು ಇಟ್ಟು ಎರಡು ಬೋಲ್ಟ್ ಹಾಕಿ ಬಿಗಿಯಿರಿ. ಒಂದೇ ಬೋಲ್ಟ್ ಹಾಕಿದರೆ ಮಣೆ ತಿರುಗುತ್ತದೆ. ನೆಲದ ಮೇಲಿದ್ದಾಗ ಕಾಲು ಮಾಡುತ್ತಿದ್ದ ಕೆಲಸವನ್ನು ಈಗ ಬೋಲ್ಟ್ ಮಾಡಬೇಕು, ಸಡಿಲಾದರೆ ಹೋಗುವುದು ಬೆರಳು. ಕೂತಾಗ ಕತ್ತಿಯ ತುದಿ ಮೊಣಕೈಗಿಂತ ಒಂದೆರಡು ಇಂಚು ಕೆಳಗಿರಲಿ. ಅದಕ್ಕಿಂತ ಮೇಲಿದ್ದರೆ ಭುಜ ಎತ್ತಿಯೇ ಸುಲಿಯಬೇಕಾಗಿ, ಮಂಡಿನೋವು ಹೋಗಿ ಕುತ್ತಿಗೆ ನೋವು ಬರುತ್ತದೆ. ಅರ್ಧ ತಾಸಿಗೊಮ್ಮೆ ಕೂತಲ್ಲೇ ಒಂದೊಂದು ಕಾಲನ್ನು ಹತ್ತು ಸಲ ನೇರ ಮಾಡಿ.

ಕೂರುವ ಸ್ಟೂಲು ಎಷ್ಟು ಎತ್ತರ? ಸಾಧಾರಣ ಎತ್ತರದವರಿಗೆ ನೆಲದಿಂದ 18 ಇಂಚು. ಐದಡಿಯ ಒಳಗಿನವರಿಗೆ 16–17 ಸಾಕು. ನಿಮ್ಮದೇ ಅಳತೆ ಬೇಕೆಂದರೆ, ಕುರ್ಚಿಯಲ್ಲಿ ಕೂತು ಮಂಡಿಯ ಹಿಂಬದಿಯ ಮಡಿಕೆಯಿಂದ ನೆಲದವರೆಗೆ ಟೇಪ್ ಹಿಡಿಯಿರಿ, ಅದಕ್ಕೆ ಎರಡು ಬೆರಳು ಸೇರಿಸಿ. ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಕಾಲು ಜೋತಾಡುವಷ್ಟು ಎತ್ತರವೂ ತಪ್ಪು, ತೊಡೆಯ ಅಡಿ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಮಲಗುವ ಮಂಚಕ್ಕೂ ಹಾಸಿಗೆ ಸೇರಿಸಿ ಇದೇ ಲೆಕ್ಕ.

ಘಟ್ಟದ ಕೆಳಗೂ ಇದೇ ಕತೆ. ಕಾರವಾರ, ಅಂಕೋಲಾ, ಕುಮಟಾದ ಪೇಟೆಯಲ್ಲಿ ಮೀನು ಮಾರುವ ಹೆಂಗಸರು ಬೆಳಗಿನಿಂದ ಕುಕ್ಕರಗಾಲಿನಲ್ಲೋ ಗೇಣೆತ್ತರದ ಮಣೆಯ ಮೇಲೋ ಕೂತಿರುತ್ತಾರೆ, ಅದಕ್ಕೂ ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತಿರುತ್ತಾರೆ. ಕೂರಲು ಪ್ಲಾಸ್ಟಿಕ್ ಕ್ರೇಟ್ ಎರಡನ್ನು ಬೋರಲು ಹಾಕಿ, ಒಂದಕ್ಕೊಂದು ಹಗ್ಗದಲ್ಲಿ ಕಟ್ಟಿ, ಮೇಲೆ ಹಲಗೆ ಹಾಕಿಕೊಳ್ಳಬಹುದು. ಮೀನಿನ ಬುಟ್ಟಿಯನ್ನೂ ಒಂದು ಕ್ರೇಟಿನ ಮೇಲೆ ಏರಿಸಿ. ಇಲ್ಲದಿದ್ದರೆ ಪ್ರತಿ ಗಿರಾಕಿಗೂ ಸೊಂಟ ಬಗ್ಗಿಸಬೇಕು. ಅಘನಾಶಿನಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆಯುವವರಿಗೆ ಇಂಥ ಉಪಾಯ ನಡೆಯುವುದಿಲ್ಲ. ಕೆಸರಿನಿಂದ ಕಾಲು ಕೀಳುವಾಗ ಮಂಡಿ ತಿರುಚದಂತೆ, ಮೊದಲು ಹಿಮ್ಮಡಿ ಎತ್ತಿ ಆಮೇಲೆ ಪಾದ ಎಳೆಯಬೇಕು ಎಂಬುದಷ್ಟೇ ಹೇಳಬಲ್ಲೆವು.

ಮನೆಯೊಳಗೆ ಅತಿ ಕಷ್ಟದ ಜಾಗ ಪಾಯಿಖಾನೆ. ಹೊಸದಾಗಿ ಕಮೋಡ್ ಕೂರಿಸಲು ಆಗದಿದ್ದರೆ, ಹಳೆಯ ಬೇಸಿನ್ನಿನ ಮೇಲೆ ನಿಲ್ಲಿಸುವ, ನಡುವೆ ತೂತಿರುವ ಸ್ಟೂಲು ಸಿಗುತ್ತದೆ. ಅದರ ಕಾಲಿಗೆ ರಬ್ಬರ್ ಬುಡ ಇದೆಯೇ ನೋಡಿ ತನ್ನಿ. ಗೋಡೆಗೆ ಹಿಡಿಕೆ ಬೇಕು. ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ನಮ್ಮ ಮನೆಗಳ ಗೋಡೆ ಚಿರೇಕಲ್ಲಿನದು. ಅದರಲ್ಲಿ ಸಣ್ಣ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಟವೆಲ್ಲಿನ ಭಾರವನ್ನಷ್ಟೇ ತಡೆಯುತ್ತದೆ. 70 ಕಿಲೋ ಮೈ ಜೋತುಬಿದ್ದ ದಿನ ಗಾರೆ ಸಮೇತ ಕಿತ್ತು ಬರುತ್ತದೆ. ಗೋಡೆಯ ಆಚೆಗೆ ತೂರುವ ಉದ್ದ ಬೋಲ್ಟ್ ಹಾಕಿ, ಆಚೆ ಕಡೆ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗಿಸಿ. ಬಚ್ಚಲ ಒಲೆಗೆ ಉರಿ ಹಾಕಲು, ಕೊಟ್ಟಿಗೆಯಲ್ಲಿ ಹಾಲು ಕರೆಯಲು ಕುಕ್ಕರಗಾಲಿನ ಬದಲು ಒಂದು ಅಡಿಯ ಮಣೆಯಾದರೂ ಇರಲಿ. 18 ಇಂಚು ಅಲ್ಲಿ ಒಪ್ಪುವುದಿಲ್ಲ, ಆದರೆ ಸೊನ್ನೆಗಿಂತ 12 ಎಷ್ಟೋ ಮೇಲು.

ಮನೆಯಿಂದ ತೋಟಕ್ಕೆ ಇಳಿಯುವ ಮೆಟ್ಟಿಲುಗಳು ಒಂಬತ್ತು ಹತ್ತು ಇಂಚು ಎತ್ತರ ಇರುವುದುಂಟು. ಪ್ರತಿ ಎರಡರ ನಡುವೆ ಅರ್ಧ ಎತ್ತರದ ಕಲ್ಲೊಂದು ಕೂರಿಸಿದರೆ ಮಂಡಿ ಬಾಗುವುದು ಸಾಕಷ್ಟು ಕಡಿಮೆಯಾಗುತ್ತದೆ. ಪಕ್ಕಕ್ಕೊಂದು ಉದ್ದನೆಯ ಹಿಡಿಕೆ ಬೇಕು, ಅಡಿಕೆ ದಬ್ಬೆಯದ್ದು ಬೇಡ. ಎರಡು ಮಳೆಗಾಲಕ್ಕೆ ಒಳಗಿಂದ ಕುಂಬಾಗಿರುತ್ತದೆ, ಹಿಡಿದಾಗಲೇ ಗೊತ್ತಾಗುವುದು. ಕಬ್ಬಿಣದ ಪೈಪು ಹಾಕಿ. ಮಳೆ ಹಿಡಿಯುವ ಮೊದಲು ಕಲ್ಲಿನ ಹಾವಸೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ತಳ ಸವೆದ ಹವಾಯಿ ಚಪ್ಪಲಿಯನ್ನು ಎಸೆಯಿರಿ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಹಿಡಿಯುವುದಾದರೆ ನೋವಿರುವ ಮಂಡಿಯ ಎದುರು ಕೈಯಲ್ಲಿ. ಹೆಚ್ಚಿನವರು ನೋವಿನ ಬದಿಯಲ್ಲೇ ಹಿಡಿಯುತ್ತಾರೆ. ಆಗ ಮೈ ಅದೇ ಕಾಲಿನ ಮೇಲೆ ವಾಲಿ, ಕೋಲು ಇದ್ದೂ ಪ್ರಯೋಜನವಿಲ್ಲ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಕೋಲಿನ ಹಿಡಿ ಬರಬೇಕು.

ಇಷ್ಟು ಮಾಡಿದರೆ ನೋವಿನ ಕಿರಿಕಿರಿ ತಗ್ಗುತ್ತದೆ, ಬಲ ಮಾತ್ರ ಬರುವುದಿಲ್ಲ. ಅದಕ್ಕೆ ವ್ಯಾಯಾಮ ಬೇಕು, ಅದೂ ಮೂರು ಸಾಕು. ಹದಿನೈದು ಬಗೆ ಬರೆದುಕೊಟ್ಟರೆ ಹದಿನೈದು ದಿನ ಮಾಡಿ ಬಿಡುತ್ತಾರೆ.

ಮೊದಲನೆಯದು. ಕಾಲು ಚಾಚಿ ಕೂತು ಅಥವಾ ಮಲಗಿ, ಮಂಡಿಯ ಕೆಳಗೆ ಟವೆಲ್ ಸುರುಳಿ ಇಡಿ. ಮಂಡಿಯಿಂದ ಅದನ್ನು ನೆಲಕ್ಕೆ ಒತ್ತಿ, 5 ಸೆಕೆಂಡ್ ಹಿಡಿದು ಬಿಡಿ. ತೊಡೆಯ ಮೇಲೆ ಕೈಯಿಟ್ಟು ನೋಡಿ, ಸ್ನಾಯು ಕಲ್ಲಿನಂತಾಗಬೇಕು. ಪಾದ ಮಾತ್ರ ಅಲ್ಲಾಡಿ ತೊಡೆ ಮೆತ್ತಗಿದ್ದರೆ ವ್ಯಾಯಾಮ ಆಗಿಲ್ಲ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಂಡಿ ತುಂಬಾ ನೋಯುವ ದಿನಗಳಲ್ಲೂ ಇದನ್ನು ಮಾಡಬಹುದು.

ಎರಡನೆಯದು. ಮಲಗಿ, ಒಂದು ಮಂಡಿ ಮಡಿಸಿ, ಇನ್ನೊಂದು ಕಾಲನ್ನು ನೇರವಾಗಿಟ್ಟು ಒಂದು ಅಡಿ ಎತ್ತಿ. 5 ಎಣಿಸಿ ಇಳಿಸಿ, ಹತ್ತು ಸಲ. ಎತ್ತುವಾಗ ಮಂಡಿ ಕೊಂಚ ಬಾಗಿಬಿಡುತ್ತದೆ, ಅದು ಗಮನಕ್ಕೇ ಬರುವುದಿಲ್ಲ. ಮೊದಲು ಮಂಡಿ ಬಿಗಿದು ಆಮೇಲೆ ಎತ್ತಬೇಕು. ಉಸಿರು ಕಟ್ಟಬೇಡಿ, ಬಿಪಿ ಇದ್ದವರಂತೂ ಗಟ್ಟಿಯಾಗಿ ಎಣಿಸಿ. ಎರಡು ವಾರದಲ್ಲಿ ಸುಲಭವೆನಿಸಿದರೆ ಅರ್ಧ ಕಿಲೋ ಮರಳು ತುಂಬಿದ ಬಟ್ಟೆ ಚೀಲವನ್ನು ಪಾದದ ಗಂಟಿಗೆ ಕಟ್ಟಿಕೊಳ್ಳಿ.

ಮೂರನೆಯದೇ ಮುಖ್ಯ. ಕುರ್ಚಿಯಿಂದ ಎದ್ದು ಕೂರುವುದು. ಇಷ್ಟೇಯಾ ಎನ್ನಬೇಡಿ. ಕುರ್ಚಿಯನ್ನು ಗೋಡೆಗೆ ಆನಿಸಿ, ಪ್ಲಾಸ್ಟಿಕ್ ಕುರ್ಚಿಯಾದರೆ ಜಾರದಂತೆ ಗೋಣಿಯ ಮೇಲೆ. ಮುಂದಕ್ಕೆ ಸರಿದು ಕೂತು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವವರೆಗೆ ಮುಂದೆ ಬಾಗಿ, ಕೈ ಊರದೆ ಎದ್ದುನಿಲ್ಲಿ. ಕೂರುವಾಗ ನಾಲ್ಕು ಎಣಿಸುತ್ತ ಇಳಿಯಿರಿ. ದೊಪ್ಪನೆ ಕುಸಿದರೆ ಅರ್ಧ ಲಾಭ ಹೋಯಿತು, ನಿಧಾನಕ್ಕೆ ಇಳಿಯುವಾಗಲೂ ಬಲ ಬರುತ್ತದೆ. ಮಂಡಿಗಳು ಒಳಕ್ಕೆ ವಾಲಿ ಒಂದಕ್ಕೊಂದು ತಾಗದಿರಲಿ. ಕೈ ಊರದೆ ಏಳಲು ಬರದಿದ್ದರೆ ಕಂಬಳಿ ಮಡಿಸಿಟ್ಟು ಕುರ್ಚಿಯನ್ನು 22 ಇಂಚಿಗೆ ಏರಿಸಿ ಅಲ್ಲಿಂದ ಶುರು ಮಾಡಿ. ಹತ್ತರಂತೆ ಎರಡು ಸುತ್ತು ಸಲೀಸಾಗಿ ಆದಾಗ ಒಂದು ಮಡಿಕೆ ತೆಗೆಯಿರಿ. 22ರಿಂದ 20, 20ರಿಂದ 18, ಆಮೇಲೆ 16. ಹೀಗೆ ಇಳಿಯುವ ಇಂಚುಗಳೇ ನಿಮ್ಮ ಪ್ರಗತಿಯ ವರದಿ, ಎಕ್ಸರೇ ಅಲ್ಲ.

ವ್ಯಾಯಾಮದಲ್ಲಿ ಎಷ್ಟು ನೋವು ಸರಿ? ಹತ್ತಕ್ಕೆ ನಾಲ್ಕರಷ್ಟು ಬಂದರೆ ತೊಂದರೆಯಿಲ್ಲ, ಮಾರನೆಯ ದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಅಥವಾ ಊದಿದರೆ ಎಣಿಕೆಯನ್ನು ಅರ್ಧ ಮಾಡಿ, ಪೂರ್ತಿ ಬಿಡಬೇಡಿ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಮೂರನೇ ವಾರಕ್ಕೆ "ಇದರಿಂದ ಏನೂ ಆಗಲಿಲ್ಲ" ಎಂದು ಬಿಡುವವರೇ ಹೆಚ್ಚು.

ಇನ್ನೊಂದು ಸಣ್ಣ ವಿಷಯ, ಕೆಡುಕು ದೊಡ್ಡದು: ರಾತ್ರಿ ಮಂಡಿಯಡಿ ದಿಂಬು. ಹಾಯೆನಿಸುತ್ತದೆ, ನಿಜ. ಆದರೆ ದಿನಾ ಹಾಗೆ ಮಲಗಿದರೆ ಹಿಂಬದಿಯ ಸ್ನಾಯು ಕುಗ್ಗಿ ಮಂಡಿ ಪೂರ್ತಿ ನೇರವಾಗುವುದೇ ನಿಲ್ಲುತ್ತದೆ. ನೇರವಾಗದ ಮಂಡಿಯ ಮೇಲೆ ನಿಂತರೆ ತೊಡೆಗೆ ಬಿಡುವೇ ಇಲ್ಲ, ಹತ್ತು ಹೆಜ್ಜೆಗೆ ಸುಸ್ತು. ಇವತ್ತು ಮನೆಗೆ ಹೋಗಿ ಚಾಪೆಯ ಮೇಲೆ ಕಾಲು ಚಾಚಿ ಮಲಗಿ, ಮಂಡಿಯಡಿ ಕೈ ತೂರಿಸಿ ನೋಡಿ. ಒಂದು ಕಾಲಿನಡಿ ಅಂಗೈ ಸಲೀಸಾಗಿ ತೂರಿ, ಇನ್ನೊಂದರಡಿ ತೂರದಿದ್ದರೆ, ತೂರಿದ ಕಾಲಿಗೆ ಮೊದಲನೆಯ ವ್ಯಾಯಾಮ ದುಪ್ಪಟ್ಟು ಬೇಕು.

ತೂಕದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಕೇಳಿ ಸಾಕಾಗಿದೆ. ಲೆಕ್ಕ ಮಾತ್ರ ಹೇಳುತ್ತೇವೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಹೊರೆ ತಗ್ಗುತ್ತದೆ. 70 ಕಿಲೋ ಇರುವವರು ಶೇ. 5ರಷ್ಟು, ಅಂದರೆ ಮೂರೂವರೆ ಕಿಲೋ ಇಳಿದರೆ ಹೆಜ್ಜೆಗೆ 14 ಕಿಲೋ. ಒಂದು ಕಾಲಿನ ಸಾವಿರ ಹೆಜ್ಜೆಗೆ 14 ಟನ್. ರಾತ್ರಿಯ ಅನ್ನವನ್ನು ಅರ್ಧ ಮಾಡಿ, ಹೆಸರುಕಾಳೋ ಮೀನೋ ಸೇರಿಸಿ. ಹಸಿದು ತೂಕ ಇಳಿಸಿದರೆ ಕೊಬ್ಬಿನ ಜೊತೆ ತೊಡೆಯ ಸ್ನಾಯುವೂ ಹೋಗುತ್ತದೆ.

ಔಷಧಿಯ ವಿಷಯ. ಡೈಕ್ಲೋಫೆನಾಕ್ ಜೆಲ್ ಹಚ್ಚಿದರೂ ಏನೂ ಆಗುವುದಿಲ್ಲ ಎನ್ನುವವರು ಕಡಲೆಕಾಳಿನಷ್ಟು ಹಚ್ಚುತ್ತಾರೆ. ತೋರುಬೆರಳಿನ ತುದಿಗೆಣ್ಣಿನಷ್ಟು ಉದ್ದ ಹಿಂಡಿದರೆ ಅರ್ಧ ಗ್ರಾಂ. ಒಂದು ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು, ದಿನಕ್ಕೆ ಮೂರು ನಾಲ್ಕು ಸಲ. ಎರಡು ಗ್ರಾಮಿನಂತೆ ಮೂರು ಸಲ ಹಚ್ಚಿದರೂ 30 ಗ್ರಾಂ ಟ್ಯೂಬು ಐದು ದಿನಕ್ಕೆ ಮುಗಿಯಬೇಕು. ಆರು ತಿಂಗಳು ಬಂದರೆ ಹಚ್ಚಿಯೇ ಇಲ್ಲ ಎಂದರ್ಥ. ಹಚ್ಚಿದ ಮೇಲೆ ಶಾಖ ಕೊಡಬೇಡಿ, ಚರ್ಮ ಸುಡುತ್ತದೆ.

ಅದೇ ಜಾತಿಯ ಮಾತ್ರೆ ಬೇರೆ ವಿಚಾರ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಅಣ್ಣತಮ್ಮಂದಿರು. ಒಬ್ಬ ವೈದ್ಯರು ಒಂದು, ಅಂಗಡಿಯವರು ಇನ್ನೊಂದು ಕೊಟ್ಟು, ಎರಡನ್ನೂ ಒಟ್ಟಿಗೆ ನುಂಗುವವರಿದ್ದಾರೆ. ಹೊಟ್ಟೆಯಲ್ಲಿ ಹುಣ್ಣು, ಏರುವ ಬಿಪಿ, ಕುಂದುವ ಮೂತ್ರಪಿಂಡ ಇದರ ದಾರಿ. ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು.

ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಹೆಸರಿಲ್ಲದ ಪುಡಿ. ಮೂರೇ ದಿನದಲ್ಲಿ ನೋವು ಮಾಯ ಎಂದು ಪೊಟ್ಟಣ ಕಟ್ಟಿ ಕೊಡುತ್ತಾರೆ. ಮೂರೇ ದಿನದಲ್ಲಿ ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದೆಂದು ಅನುಮಾನಿಸಿ. ಕೆಲ ತಿಂಗಳಲ್ಲಿ ಮುಖ ದುಂಡಗಾಗುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಹಾಗೆಂದು ಥಟ್ಟನೆ ನಿಲ್ಲಿಸುವುದೂ ಅಪಾಯ, ಪೊಟ್ಟಣ ಸಮೇತ ವೈದ್ಯರ ಬಳಿ ಹೋಗಿ. ಕಾಸರ್ಕನ ಬೀಜವನ್ನು ಮನೆಯಲ್ಲೇ ಶುದ್ಧಿ ಮಾಡಿ ತಿನ್ನುವ ಸಾಹಸವೂ ಬೇಡ, ಅದು ವಿಷ. ಲಕ್ಕಿ ಸೊಪ್ಪಿನ ಶಾಖಕ್ಕೆ ನಮ್ಮ ತಕರಾರಿಲ್ಲ. ಬಿಗಿತಕ್ಕೆ ಬಿಸಿ, ಊತಕ್ಕೆ ತಂಪು, ಯಾವುದಾದರೂ 15 ನಿಮಿಷ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರು ಶಾಖದ ಗಂಟನ್ನು ಮೊದಲು ಮುಂಗೈಗೆ ಹಿಡಿದು ನೋಡಬೇಕು.

ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ತಗ್ಗಿಸುತ್ತದೆ, ಆ ಅವಧಿಯನ್ನು ವ್ಯಾಯಾಮ ಶುರು ಮಾಡಲು ಬಳಸಿಕೊಂಡರೆ ಸಾರ್ಥಕ. ಪದೇ ಪದೇ ಕೊಡಿಸಿದರೆ ಕಾರ್ಟಿಲೇಜಿಗೇ ಕೇಡು. ಸಣ್ಣ ತೂತಿನಿಂದ ದುರ್ಬೀನು ಹಾಕಿ (ಆರ್ತ್ರೋಸ್ಕೋಪಿ) ಮಂಡಿ ತೊಳೆಯುವುದರಿಂದ ಈ ಕಾಯಿಲೆಗೆ ಲಾಭವಿಲ್ಲ. 2002ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ವೈದ್ಯರು 180 ಜನರಲ್ಲಿ ಕೆಲವರಿಗೆ ನಿಜವಾಗಿ ತೊಳೆದು, ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದು ನೋಡಿದರು. ನೋವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಮಂಡಿ ಬದಲಾವಣೆ ಹಾಗಲ್ಲ, ಒಳ್ಳೆಯ ಶಸ್ತ್ರಚಿಕಿತ್ಸೆ, ಹೆಚ್ಚಿನವು 20 ವರ್ಷ ದಾಟಿ ಬಾಳುತ್ತವೆ. ಕೃತಕ ಕೀಲಿನ ಬೆಲೆಗೆ 2017ರಲ್ಲಿ ಕೇಂದ್ರ ಸರಕಾರ ಮಿತಿಯನ್ನೂ ಹಾಕಿದೆ. ರಾತ್ರಿ ನಿದ್ದೆ ಕೆಡಿಸುವ ನೋವು, ಅಂಗಳ ದಾಟಲಾಗದ ಸ್ಥಿತಿ, ಆರು ತಿಂಗಳು ಸರಿಯಾಗಿ ಮಾಡಿದರೂ ಫಲ ಕೊಡದ ವ್ಯಾಯಾಮ, ಇಷ್ಟಿದ್ದರೆ ಮುಂದೂಡಬೇಡಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಮಾಡಿಸಿಕೊಂಡು ಬರುವುದು ನಮ್ಮ ಜಿಲ್ಲೆಯವರಿಗೆ ರೂಢಿಯಾಗಿದೆ. ಆದರೆ ವಾಪಸು ಬಂದ ಮೇಲಿನ ಮೂರು ತಿಂಗಳ ವ್ಯಾಯಾಮ ಮನೆಯ ಹತ್ತಿರ ಎಲ್ಲಿ, ಯಾರ ಬಳಿ ಎಂಬುದನ್ನು ಹೋಗುವ ಮೊದಲೇ ಗೊತ್ತುಮಾಡಿಕೊಳ್ಳಿ. ಹೊಸ ಮಂಡಿ ಬಿಗಿದುಕೊಳ್ಳುವುದು ಆಗಲೇ.

ಚೀಟಿಯಲ್ಲಿ ಬಂದ ಕೆಲವು ಪ್ರಶ್ನೆಗಳು. ಮಂಡಿ ಟಕ್ ಟಕ್ ಎನ್ನುತ್ತದೆ, ಏನು ಮಾಡಲಿ? ನೋವಿಲ್ಲದ ಸದ್ದಿಗೆ ಏನೂ ಮಾಡಬೇಡಿ. ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್ ಮಾತ್ರೆ? ಆ ದುಡ್ಡಿಗೆ ಒಳ್ಳೆಯ ಚಪ್ಪಲಿ ಕೊಳ್ಳಿ. ವಜ್ರಾಸನ ಮಂಡಿಗೆ ಒಳ್ಳೆಯದಂತೆ? ಆರೋಗ್ಯವಂತ ಮಂಡಿಗೆ ಅಡ್ಡಿಯಿಲ್ಲ, ನೋವು ಶುರುವಾದ ಮಂಡಿಗೆ ಅದೂ ಪೂರ್ತಿ ಮಡಿಕೆಯೇ, ಬೇಡ. ನೀ ಕ್ಯಾಪ್? ಹೊರಗೆ ಓಡಾಡುವಾಗ ಸರಿ, ರಾತ್ರಿ ತೆಗೆದಿಡಿ, ಕೆಳಗೆ ಕಾಲು ಊದಿದರೆ ಅಳತೆ ಚಿಕ್ಕದಾಗಿದೆ. ಯಕ್ಷಗಾನದ ವೇಷಧಾರಿಯೊಬ್ಬರ ಪ್ರಶ್ನೆ ಇದೆ, ರಂಗಸ್ಥಳದಲ್ಲಿ ಮಂಡಿ ಹಾಕಿ ತಿರುಗುವುದನ್ನು ಬಿಡಬೇಕೇ ಎಂದು. ಚಂಡೆ ಬಿದ್ದ ಮೇಲೆ ನಮ್ಮ ಮಾತು ಯಾರು ಕೇಳುತ್ತಾರೆ! ಸುತ್ತು ಕಡಿಮೆ ಮಾಡಿ, ವೇಷದೊಳಗೆ ಮೆತ್ತೆ ಕಟ್ಟಿಕೊಳ್ಳಿ, ಮಂಡಿ ಊದಿದ ದಿನ ಮಾತ್ರ ಖಂಡಿತ ಬೇಡ.

ಕೊನೆಯ ಚೀಟಿ: "ಈಗ ಈ ಜಮಖಾನೆಯಿಂದ ಏಳುವುದು ಹೇಗೆ?" ಹೇಳುತ್ತೇವೆ, ಅವಸರ ಬೇಡ. ಪಕ್ಕದವರು ಒಂದು ಕುರ್ಚಿ ತಂದು ಎದುರಿಗಿಟ್ಟು ಹಿಂದಿನಿಂದ ಒತ್ತಿ ಹಿಡಿಯಲಿ. ಮೊದಲು ಒಂದು ಬದಿಗೆ ತಿರುಗಿ ಎರಡೂ ಕೈ ನೆಲಕ್ಕೆ ಊರಿ. ಅಂಬೆಗಾಲಿಗೆ ಬನ್ನಿ, ನೋವಿನ ಮಂಡಿಯ ಕೆಳಗೆ ಮಡಿಸಿದ ಟವೆಲ್ ಇರಲಿ. ಕೈ ಕುರ್ಚಿಯ ಮೇಲಿಡಿ. ಒಳ್ಳೆಯ ಕಾಲನ್ನು ಮುಂದೆ ತಂದು ಪಾದ ಪೂರ್ತಿ ಊರಿ. ಈಗ ಕೈ ಮತ್ತು ಆ ಕಾಲು ಎರಡನ್ನೂ ಒಟ್ಟಿಗೆ ಒತ್ತಿ ಮೇಲೇಳಿ. ಎದ್ದ ಕೂಡಲೇ ನಡೆಯಬೇಡಿ, ಕುರ್ಚಿ ಹಿಡಿದೇ ಹತ್ತು ಎಣಿಸಿ. ಚಹಾ ಹೊರಗಿದೆ, ಬಾಗಿಲ ಬಳಿ ಎರಡು ಮೆಟ್ಟಿಲಿವೆ. ನೋವಿನ ಕಾಲು ಮೊದಲು.